ಹದಿನೈದು ಮೈಲಿ

ನಿಜಾಮರ ಕಾಲದಲ್ಲಿ ಭಗವಂತರಾಯ ಶಹಾಪುರದ ಬಜಾರಿನ ಮೂಲೆಯಲ್ಲಿ ಕುಳಿತು ಜನರಿಗೆ ಉರ್ದುವಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದ. ಆಗ ತನ್ನೆದುರು ಯಾರಾದರೂ ಕನ್ನಡ ಮಾತಾಡಿದರೆ ಮೂಗು ಮುರಿಯುತ್ತಿದ್ದ. ಕನ್ನಡ ನಾಡು ಒಂದಾಗಿ ಮೈಸೂರು ರಾಜ್ಯ ಬಂದದ್ದೇ ತಡ, ಅವನ ನಾಲಿಗೆ ಮಗ್ಗಲು ಬದಲಿಸಿತು. ಈಗ ಯಾರಾದರೂ 'ಜಲ್ದಿ' ಎಂದರೆ ಅವನು ತಡೆದು ನಿಲ್ಲಿಸಿ 'ಶೀಘ್ರ' ಎನ್ನಿಸುತ್ತಿದ್ದ. ಇಂಥವನನ್ನು ಏಕೀಕರಣದ ವರ್ಷ ತುಂಬಿದ ಹಬ್ಬದ ಸಮಿತಿಗೆ ಕಾರ್ಯದರ್ಶಿ ಮಾಡಿದ್ದರು. ಬೇರೆ ಯಾರೂ ಆ ಕೆಲಸಕ್ಕೆ ಒಪ್ಪಿರಲಿಲ್ಲ.

ಹಬ್ಬದ ದಿನ ಶಹಾಪುರದಿಂದ ಸುರಪುರಕ್ಕೆ ಹೆಂಗಸರ ಸೈಕಲ್ ಪಂದ್ಯ ನಡೆಸಬೇಕು, ದೂರ ಹದಿನೈದು ಮೈಲಿ, ಗೆದ್ದವಳನ್ನು ಬೆಂಗಳೂರಿನ ದೊಡ್ಡ ಪಂದ್ಯಕ್ಕೆ ಕಳಿಸಬೇಕು ಎಂದು ಮೇಲಿನವರ ಅಪ್ಪಣೆಯಾಗಿತ್ತು. ಭಗವಂತರಾಯ ಡಂಗುರ ಸಾರುವ ಸಾಬಣ್ಣನನ್ನು ಕರೆದು, ಹಾದಿಯ ಹಳ್ಳಿಗಳಲ್ಲೆಲ್ಲ ಇದನ್ನು ಸಾರಿ ಬಾ, ಜನ ರಸ್ತೆಯ ಎರಡೂ ಬದಿಗೆ ನಿಂತು ಚಪ್ಪಾಳೆ ತಟ್ಟಬೇಕು ಎಂದ.

ಪಕ್ಕದಲ್ಲೇ ಸೈಕಲ್ ರಿಪೇರಿ ಅಂಗಡಿಯ ನಸೀರುದ್ದೀನ ಒಂದು ಗಾಲಿ ತಿರುಗಿಸುತ್ತ ಕುಳಿತಿದ್ದ. ಅವನು ತಲೆಯೆತ್ತಿ, "ರಾವ್ ಸಾಬ್, ಮೈಲಿ ಅನ್ನಬ್ಯಾಡ್ರಿ. ಮೀಲ್ ಅನ್ರಿ, ಇಲ್ಲಾಂದ್ರ ಐದ ಹರದಾರಿ ಅನ್ರಿ. ಹಳ್ಳ್ಯಾಗ ಮೈಲಿ ಅಂದ್ರ ಬ್ಯಾರೆ ತಿಳಕೋತಾರ" ಎಂದ.

"ಮೀಲ್ ಅನ್ನೋದು ಉರ್ದು. ಬೆಂಗಳೂರಿನವರು ಮೈಲಿ ಅಂದಾರ, ನಾವೂ ಮೈಲಿ ಅನ್ನಬೇಕು. ಇನ್ನ ಮ್ಯಾಲೆ ಶುದ್ಧ ಭಾಷಾ ಕಲೀರಿ" ಎಂದು ಭಗವಂತರಾಯ ಅವನ ಬಾಯಿ ಮುಚ್ಚಿಸಿದ.

ನಸೀರುದ್ದೀನ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಈ ಭಾಗದಲ್ಲಿ ಮೈಲಿ ಎಂದರೆ ಸಿಡುಬು. ಸಿಡುಬು ಬಾರದಿರಲೆಂದು ಸರ್ಕಾರದವರು ಮಕ್ಕಳ ತೋಳು ಗೀರಿ ಹಾಕುವ ಮದ್ದಿಗೂ ಅದೇ ಹೆಸರು. ಮೈಲಿ ಹಾಕುವವರು ಬಂದರೆಂದರೆ ತಾಯಂದಿರು ಮಕ್ಕಳನ್ನು ನೆಲದಡಿಯ ಜೋಳದ ಹಗೇವಿನಲ್ಲಿ ಬೇಕಾದರೂ ಬಚ್ಚಿಡುತ್ತಿದ್ದರು. ಇದು ಭಗವಂತರಾಯನಿಗೂ ಗೊತ್ತಿತ್ತು. ಆದರೆ ಹೊಸದಾಗಿ ಶುದ್ಧನಾದವನಿಗೆ ಗೊತ್ತಿದ್ದದ್ದನ್ನು ಮರೆಯುವುದೇ ಮೊದಲ ಕೆಲಸ.

ಇನ್ನು ಸಾಬಣ್ಣನಿಗೆ 'ಪಂದ್ಯ' ಎಂಬ ಶಬ್ದವೇ ಹೊಸದು. ತಿಳಿಯದ ಮಾತನ್ನು ಬಾಯಲ್ಲಿಟ್ಟುಕೊಂಡು ಹತ್ತಾರು ಊರು ತಿರುಗುವುದೇಕೆಂದು ಅವನು ಅದನ್ನು ಶಹಾಪುರದ ಅಗಸೆ ಬಾಗಿಲಲ್ಲೇ ಬಿಟ್ಟು ನಡೆದ. ಮಿಕ್ಕದ್ದನ್ನು ಹಲಗೆ ಬಾರಿಸಿ ಚೊಕ್ಕವಾಗಿ ಸಾರಿದ: "ಕೇಳ್ರಿ ಕೇಳ್ರಿ. ನಾಳಿ ಮುಂಜಾನಿ ಸರ್ಕಾರದ ಬಾಯೋರು ಸೈಕಲ್ ಮ್ಯಾಲೆ ಬರ್ತಾರ. ಹದಿನೈದ ಮೈಲಿ. ಎಲ್ಲಾರೂ ದಾರಿ ಮ್ಯಾಲೆ ಬಂದು ನಿಂದರಬೇಕು."

ಇದ್ಯಾವುದೂ ತಿಳಿಯದ ಶೇಖಮ್ಮ ಮರುದಿನ ಮುಂಜಾನೆ ಶಹಾಪುರದ ಬಜಾರಿನಲ್ಲಿ ಕಚ್ಚೆಸೀರೆ ಬಿಗಿದು, ಹ್ಯಾಂಡಲ್ಲನ್ನು ಕೆಳಮುಖ ತಿರುವಿದ ಸೈಕಲ್ ಹಿಡಿದು ನಿಂತಿದ್ದಳು.

ಶೇಖಮ್ಮ ರಂಗಂಪೇಟೆಯ ಕುರಿಗಾರರ ಮಗಳು. ರಜಾಕಾರರ ಗದ್ದಲದಲ್ಲಿ ಅವಳ ಅವ್ವ ಭೀಮವ್ವ ಸಿಕ್ಕ ಬೆಲೆಗೆ ಕುರಿ ಮಾರಿ, ಮಗಳ ಕೈ ಹಿಡಿದು ಸೊಲ್ಲಾಪುರಕ್ಕೆ ಓಡಿದ್ದಳು. ಅಲ್ಲಿ ಗಿರಣಿ ಕೆಲಸಗಾರರಿಗೆ ಬುತ್ತಿ ಮುಟ್ಟಿಸಲು ಶೇಖಮ್ಮ ಸೈಕಲ್ ಕಲಿತಳು. ಗಿರಣಿಯ ಭೋಂಗಾ ಕೂಗುವುದರೊಳಗೆ ಗೇಟು ಮುಟ್ಟದಿದ್ದರೆ ಬುತ್ತಿಯೂ ಹೊರಗೆ, ಅವಳೂ ಹೊರಗೆ. ಭೋಂಗಾಕ್ಕೆ ಹೆದರಿ ತುಳಿದು ತುಳಿದು ಅವಳು ಎಷ್ಟು ಜೋರಾದಳೆಂದರೆ ಅಲ್ಲಿನ ಒಬ್ಬ ಸೈಕಲ್ ವ್ಯಾಪಾರಿ ಅವಳನ್ನು ಸಂಬಳಕ್ಕಿಟ್ಟುಕೊಂಡ. ಊರೂರಿನ ಪಂದ್ಯಗಳಲ್ಲಿ ಅವಳು ಗೆಲ್ಲಬೇಕು, ಅವಳು ತುಳಿದಂಥ ಸೈಕಲ್ಲನ್ನು ಅವನು ಮಾರಬೇಕು. ಸೊಲ್ಲಾಪುರ, ಪುಣೆ, ಕೊಲ್ಹಾಪುರ ಎಲ್ಲಾ ಕಡೆ ಅವಳು ಗೆದ್ದಳು, ಅವನು ಮಾರಿದ.

ಅಷ್ಟರಲ್ಲಿ ರಾಜ್ಯಗಳ ಗಡಿ ಬದಲಾಯಿತು. ವ್ಯಾಪಾರಿ ಅವಳನ್ನು ಕರೆದು, ನಿನ್ನ ಊರು ಈಗ ಮೈಸೂರಿಗೆ ಸೇರಿತು, ನನ್ನ ಗಿರಾಕಿಗಳು ಮುಂಬಯಿಯವರು, ಮೈಸೂರಿನವಳು ಗೆದ್ದರೆ ಅವರಿಗೇನು ಬಂತು ಎಂದು ಕೈಬಿಟ್ಟ. ಬೆಂಗಳೂರಿನ ಪಂದ್ಯಕ್ಕೆ ಒಂದು ಸೈಕಲ್ ಕಂಪನಿಯವರು ಬರುತ್ತಾರೆ, ಅಲ್ಲಿ ಗೆದ್ದವಳನ್ನು ಸಂಬಳ ಕೊಟ್ಟು ದೇಶದ ತುಂಬ ಪಂದ್ಯಕ್ಕೆ ಒಯ್ಯುತ್ತಾರೆ ಎಂದು ಕೇಳಿ ಶೇಖಮ್ಮ ಊರಿಗೆ ಮರಳಿದ್ದಳು. ಬೆಂಗಳೂರಿಗೆ ಹೋಗುವ ದಾರಿ ಇದೊಂದೇ. ಇಂದು ಗೆದ್ದರೆ ಸೈಕಲ್, ಸೋತರೆ ಕುರಿ.

ಅವಳ ಕಸುಬನ್ನು ಕಸುಬೆಂದು ನಂಬಿದವರು ಮಾತ್ರ ಇಡೀ ರಂಗಂಪೇಟೆಯಲ್ಲಿ ಒಬ್ಬರೂ ಇರಲಿಲ್ಲ. ಓಣಿಯ ಹೆಂಗಸರು ಕಟ್ಟೆಗೆ ಕರೆದು ಕೂರಿಸಿಕೊಂಡು ಎಲ್ಲವನ್ನೂ ಕೇಳಿ, ಕೊನೆಗೆ, "ಅದೆಲ್ಲಾ ಖರೇ, ಮತ್ತ ಕೆಲಸ ಏನು ಮಾಡ್ತಿ?" ಎನ್ನುತ್ತಿದ್ದರು. ಭೀಮವ್ವ ಕೂಡ ಅದನ್ನೇ ಕೇಳುತ್ತಿದ್ದಳು, ಅತ್ತುಕೊಂಡು.

ಪಂದ್ಯಕ್ಕೆ ನಾಲ್ವರು ನಿಂತಿದ್ದರು. ಅವರಲ್ಲಿ ಇಬ್ಬರು ಸಮಿತಿಯ ದೊಡ್ಡ ಮನುಷ್ಯರ ಮನೆಯ ಸೊಸೆಯಂದಿರು. ಒಬ್ಬಳು ಫೋಟೊ ತೆಗೆದ ಕೂಡಲೇ ಮನೆಗೆ ಹೋದಳು. ಇನ್ನೊಬ್ಬಳ ಸೈಕಲ್ಲು ಬಜಾರಿನ ತಿರುವಿನಲ್ಲೇ ಗಟಾರಕ್ಕೆ ಇಳಿಯಿತು. ಉಳಿದವಳು ಆಮೀನಾ, ಯಾದಗಿರಿಯ ಹತ್ತಿ ದಲಾಲರ ಮಗಳು. ಹೊಸ ಲೇಡೀಸ್ ಸೈಕಲ್ಲು, ನಗುಮುಖ, ಗೆಲ್ಲಲೇಬೇಕೆಂಬ ಹಟವಿಲ್ಲ. ಶೇಖಮ್ಮ ಅವಳನ್ನು ಒಮ್ಮೆ ಕಾಲಿನಿಂದ ತಲೆಯವರೆಗೆ ನೋಡಿ, ಮನಸ್ಸಿನಲ್ಲೇ ಬೆಂಗಳೂರಿನ ರೈಲು ಹತ್ತಿದಳು.

ಪಂದ್ಯದ ಹಿಂದೆ ಸಮಿತಿಯ ಜೀಪು ಬರಬೇಕೆಂದು ಗೊತ್ತುಮಾಡಿದ್ದರು. ಆದರೆ ಉಪ್ಪಿಟ್ಟಿನ ಏರ್ಪಾಡು ಸುರಪುರದಲ್ಲಿ ಇತ್ತು. ಹಾಗಾಗಿ ಮೈಸೂರು ಸೀಮೆಯಿಂದ ಹೊಸದಾಗಿ ಬಂದಿದ್ದ ಆರೋಗ್ಯ ಇಲಾಖೆಯ ಸಾಹೇಬರನ್ನೂ ಭಗವಂತರಾಯನನ್ನೂ ಹೊತ್ತು ಜೀಪು ಪಂದ್ಯಕ್ಕಿಂತ ಮೊದಲೇ ಧೂಳೆಬ್ಬಿಸಿ ಹೋಗಿಬಿಟ್ಟಿತು. ಆ ದಿನ ಹದಿನೈದು ಮೈಲಿಯನ್ನು ಎಲ್ಲರಿಗಿಂತ ಮೊದಲು ಮುಗಿಸಿದವರು ಅವರೇ.

ಭೀಮರಾಯನ ಗುಡಿ ದಾಟುವವರೆಗೆ ಎಲ್ಲವೂ ಸರಿಯಾಗಿತ್ತು. ಶೇಖಮ್ಮ ಎಷ್ಟು ಮುಂದಿದ್ದಳೆಂದರೆ ಹಿಂದೆ ಆಮೀನಾಳ ಗಂಟೆಯ ಸದ್ದೂ ಕೇಳುತ್ತಿರಲಿಲ್ಲ. ಎರಡೂ ಕಡೆ ತೊಗರಿ ಹೂ ಬಿಟ್ಟು ನಿಂತಿತ್ತು. ಕೆಂಚಹಾಳದ ತಿರುವಿಗೆ ಬಂದಾಗ ರಸ್ತೆಯ ಮೇಲೆ ಅಡ್ಡಲಾಗಿ ಜಾಲಿ ಮುಳ್ಳು ಕಾಣಿಸಿತು. ಗಾಳಿಗೆ ಬಿದ್ದ ಮುಳ್ಳಲ್ಲ ಅದು. ಊರಿನವರು ನಸುಕಿನಲ್ಲೇ ಎದ್ದು, ಹೊಲದ ಬೇಲಿ ಕಿತ್ತು ತಂದಿಟ್ಟುಕೊಂಡು, ಜೀಪು ದಾಟಿದ ಮೇಲೆ ಅಚ್ಚುಕಟ್ಟಾಗಿ ಹಾಸಿದ್ದರು. ಅವಳು ಬ್ರೇಕು ಒತ್ತುವಷ್ಟರಲ್ಲಿ ಮುಂದಿನ ಗಾಲಿ ಉಸ್ಸೆಂದಿತು.

ಊರಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ಒಂದು ಮಾಳಿಗೆಯ ಮೇಲಿಂದ ಮಲ್ಲಾಬಾಯಿ ಎಂಬ ಗಟ್ಟಿ ದನಿಯ ಹೆಂಗಸು ಕೂಗಿದಳು.

"ಹಿಂದಕ ಹೋಗ ತಂಗಿ. ನಮ್ಮ ಊರಾಗ ಮಕ್ಕಳಿಲ್ಲ."

"ನಾ ಮಕ್ಕಳನ್ನ ಕೇಳೀನೇನು? ದಾರಿ ಕೇಳಾಕತ್ತೀನಿ. ಮುಳ್ಳ ಯಾಕ ಹಚ್ಚೀರಿ?"

"ಮುಳ್ಳಿನ ಮಾತ ಬ್ಯಾಡ. ಮಕ್ಕಳಿಲ್ಲ ಅಂದ್ರ ಇಲ್ಲ. ಈ ಊರಾಗ ಯಾರಿಗೂ ಹುಟ್ಟಿಲ್ಲ."

ಅವಳ ಬೆನ್ನ ಹಿಂದೆ ಯಾರೋ ಸೀನಿದರು.

"ಅದು ಆಡಿನ ಮರಿ" ಎಂದಳು ಮಲ್ಲಾಬಾಯಿ.

"ಅವ್ವಾ, ನನಗ ಹಸಿವ್ಯಾಗ್ಯಾದ" ಎಂದಿತು ಆಡಿನ ಮರಿ.

ಶೇಖಮ್ಮನಿಗೆ ಈ ಊರಿನವರ ತಲೆ ಕೆಟ್ಟಿದೆ ಎನ್ನುವುದಕ್ಕಿಂತ ಹೆಚ್ಚೇನೂ ತಿಳಿಯಲಿಲ್ಲ. ತಿಳಿದುಕೊಳ್ಳುವ ಪುರಸತ್ತೂ ಇರಲಿಲ್ಲ. ಸೀಟಿನ ಕೆಳಗೆ ಕಟ್ಟಿದ್ದ ತಗಡಿನ ಡಬ್ಬಿ ಬಿಚ್ಚಿ, ಗಾಲಿಯಿಂದ ಟ್ಯೂಬು ಎಳೆದು, ಪಂಕ್ಚರ್ ಹಾಕಲು ಕುಳಿತಳು. ಡಬ್ಬಿಯ ಮುಚ್ಚಳದ ಸದ್ದಿಗೆ ಊರಿನ ಕಿಟಕಿಗಳೆಲ್ಲ ಒಂದೊಂದು ಬೆರಳಷ್ಟು ತೆರೆದವು. ಅವಳು ತೂತಿನ ಸುತ್ತ ಟ್ಯೂಬನ್ನು ಒರಟು ತಗಡಿನಿಂದ ಗರಗರ ಗೀರಿದಳು.

"ನೋಡ್ರಿ, ಗೀರಾಕ ಶುರು ಮಾಡಿದಳು" ಎಂದಿತು ಒಂದು ಕಿಟಕಿ.

"ರಬ್ಬರಿಗೇ ಹಿಂಗ ಗೀರ್ತಾಳಂದ್ರ ಕೂಸಿನ ತೋಳಿಗೆ ಹ್ಯಾಂಗ ಗೀರಿಯಾಳು" ಎಂದಿತು ಇನ್ನೊಂದು.

ಆಗ ಅವಳಿಗೆ ಅರ್ಥವಾಯಿತು. ಅರ್ಥವಾಗಿ ಸಿಟ್ಟು ಬಂತು. ಕೊಲ್ಹಾಪುರದಲ್ಲಿ ಹೂವಿನ ಹಾರ ಹಾಕಿಸಿಕೊಂಡವಳನ್ನು ತನ್ನ ಸೀಮೆಯ ಜನ ಮೈಲಿ ಹಾಕುವವಳೆಂದು ತಿಳಿದು ಆಡಿನ ಮರಿಯ ಹಿಂದೆ ಅಡಗಿದ್ದರು. ನಾನು ರೇಸಿನವಳು ಎಂದು ಒಂದೆರಡು ಸಲ ಕೂಗಿ ಹೇಳಿದಳು. ಕಿಟಕಿಗಳು ಮತ್ತೆ ಮುಚ್ಚಿಕೊಂಡವು.

ಅವಳು ಮುಳ್ಳನ್ನೆಲ್ಲ ಬದಿಗೆ ಎಳೆದು ದಾರಿ ಮಾಡಿ, ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದಾಗ ಆಮೀನಾ ಗಂಟೆ ಬಾರಿಸುತ್ತ ಬಂದಳು. ತೆರವಾದ ದಾರಿಯಲ್ಲಿ ಸುಖವಾಗಿ ಬಂದು ನೆಲಕ್ಕೆ ಕಾಲೂರಿ ನಿಂತಳು.

"ಅಕ್ಕಾ, ನಾ ಏನರ ಹಿಡೀಲೇನು?"

"ಏನೂ ಬ್ಯಾಡ. ನೀ ನಡಿ. ನಿನ್ನ ಹಿಡ್ಯಾಕ ನನಗ ಎಷ್ಟೊತ್ತು" ಎಂದಳು ಶೇಖಮ್ಮ. ಆ ಮಾತಿನಲ್ಲಿ ಸ್ವಲ್ಪ ಸೊಕ್ಕಿತ್ತು. ಆಮೀನಾ ಬೇಸರ ಮಾಡಿಕೊಳ್ಳದೆ ಮುಂದೆ ಹೋದಳು.

ಕೆಂಚಹಾಳ ಮುಗಿದರೆ ಬೆಣಚಿಹಾಳ. ಅಲ್ಲಿನ ಗೌಡ ಹಣಮಂತ್ರಾಯನಿಗೆ ಕಲಬುರ್ಗಿಯಲ್ಲಿ ಒಂದು ಸಭೆಯಲ್ಲಿ ಕುಳಿತು ಬಂದಾಗಿನಿಂದ ಸುಧಾರಣೆಯ ಹುಚ್ಚು ಹಿಡಿದಿತ್ತು. ಕೆಂಚಹಾಳದವರು ಓಡಿಹೋಗುವವರಾದರೆ ನಾವು ಓಡಿಹೋಗಬಾರದು, ಇಡೀ ತಾಲೂಕಿಗೆ ನಾವೇ ಮೊದಲು ಮೈಲಿ ಹಾಕಿಸಿಕೊಳ್ಳಬೇಕು ಎಂದು ಅವನು ಊರ ಮಕ್ಕಳನ್ನೆಲ್ಲ ಅಂಗಿಯ ತೋಳು ಮಡಿಚಿಸಿ ರಸ್ತೆಯ ಬದಿಗೆ ಸಾಲಾಗಿ ನಿಲ್ಲಿಸಿದ್ದ. ಊರಿನ ಗಂಡಸರು ರಸ್ತೆಗೆ ಅಡ್ಡವಾಗಿ ಬಂಡಿ ನಿಲ್ಲಿಸಿದ್ದರು. ಮಕ್ಕಳ ಅಳು ಅರ್ಧ ಹರದಾರಿ ದೂರ ಕೇಳುತ್ತಿತ್ತು.

ಮೊದಲು ಸಿಕ್ಕವಳು ಆಮೀನಾ. ನೀನೇನು ಮೈಲಿ ಬಾಯಿ ಎಂದು ಗೌಡ ಕೇಳಿದ. ಆಮೀನಾ ದಲಾಲರ ಮಗಳು, ಯಾವ ಮಾತಿನಿಂದ ದಾರಿ ಬಿಡುತ್ತದೆಂದು ತಟ್ಟನೆ ತಿಳಿಯಿತು. "ನಾ ಅಲ್ರಿ ಗೌಡ್ರ. ಕಚ್ಚೀ ಸೀರಿ ಉಟ್ಕೊಂಡಾಕಿ ಹಿಂದ ಬರಾಕತ್ತಾಳ. ಡಬ್ಬಿ ಆಕಿ ಹಂತ್ಯಾಕ ಅದ" ಎಂದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬಂಡಿ ಸರಿಯಿತು, ಆಮೀನಾ ದಾಟಿದಳು, ಬಂಡಿ ಮತ್ತೆ ಅಡ್ಡ ನಿಂತಿತು.

ಸ್ವಲ್ಪ ಹೊತ್ತಿಗೆ ಬಂದ ಶೇಖಮ್ಮನನ್ನು ಸೈಕಲ್ ಸಮೇತ ಇಳಿಸಿಕೊಂಡರು.

"ಬರ್ರಿ ಬಾಯೋರ. ಮುಂಜಾನಿಂದ ಕಾಯಾಕತ್ತೀವಿ. ಮೊದಲ ನನ್ನ ಮೊಮ್ಮಗಗ ಹಾಕ್ರಿ, ಆಮ್ಯಾಲೆ ಉಳದವರಿಗೆ" ಎಂದ ಗೌಡ.

"ಗೌಡ್ರ, ನಾ ಮೈಲಿ ಹಾಕಾಕಿ ಅಲ್ರಿ. ಸೈಕಲ್ ರೇಸಿನಾಕಿ. ದಾರಿ ಬಿಡ್ರಿ, ಕೈ ಮುಗೀತೀನಿ."

"ರೇಸು ಸರಿ. ಮತ್ತ ಕೆಲಸ ಏನು?"

"ಅದಾ ಕೆಲಸ್ರಿ. ರೇಸಿನಾಗ ಓಡಾದು, ಗೆಲ್ಲಾದು. ಸೊಲ್ಲಾಪುರದಾಗ ಗೆದ್ದೀನಿ, ಪುಣೇದಾಗ ಗೆದ್ದೀನಿ."

"ಗೆದ್ರ ಏನ ಕೊಡ್ತಾರ?"

"ಕಪ್ಪ ಕೊಡ್ತಾರ್ರಿ."

ಗೌಡ ಸುತ್ತ ನಿಂತವರ ಮುಖ ನೋಡಿದ. "ಚಾ ಕುಡ್ಯಾ ಕಪ್ಪ ಒಂದಾ? ಬಸಿ ಕೊಡಂಗಿಲ್ಲೇನು?"

ಜನ ನಕ್ಕರು. ಶೇಖಮ್ಮನಿಗೆ ಅಳು ಬರುವಂತಾಯಿತು. ಅವಳು ಪುಣೆಯ ಏರನ್ನೂ, ಕೊಲ್ಹಾಪುರದ ಮಳೆಯನ್ನೂ, ಗೆದ್ದ ದಿನ ಜನ ಹೆಗಲ ಮೇಲೆ ಹೊತ್ತದ್ದನ್ನೂ ಹೇಳಿದಳು. ಗೌಡ ತಾಳ್ಮೆಯಿಂದ ಎಲ್ಲ ಕೇಳಿದ. ಹೆಣ್ಣುಮಗಳೊಬ್ಬಳು ಸುಮ್ಮನೆ ಸೈಕಲ್ ತುಳಿದದ್ದಕ್ಕೆ ಯಾರೋ ಸಂಬಳ ಕೊಡುತ್ತಾರೆಂದು ನಂಬುವಷ್ಟು ದಡ್ಡ ಅವನಾಗಿರಲಿಲ್ಲ. ಸರ್ಕಾರಿ ನೌಕರರು ಕೆಲಸ ತಪ್ಪಿಸಲು ಇಂಥ ಕಥೆ ಹೇಳುವುದನ್ನು ಅವನು ಬಹಳ ನೋಡಿದ್ದ.

"ಡಬ್ಬಿ ತಗೀರಿ" ಎಂದ.

ಡಬ್ಬಿ ತೆಗೆದರು. ಒಳಗೆ ಗೀರುವ ತಗಡಿತ್ತು, ಸಲೂಷನ್ ಟ್ಯೂಬಿತ್ತು, ಅಂಟಿಸುವ ರಬ್ಬರಿನ ತುಂಡುಗಳಿದ್ದವು.

"ಇದು ಗೀರಾ ಸಾಮಾನು. ಇದು ಮದ್ದು. ಇವು ಮ್ಯಾಲೆ ಹಚ್ಚೂ ಪಟ್ಟಿ" ಎಂದು ಗೌಡ ಒಂದೊಂದನ್ನೂ ಎತ್ತಿ ಊರಿಗೆ ತೋರಿಸಿದ. "ಇನ್ನ ಏನ ಹೇಳ್ತಿ ತಂಗಿ?"

ಸಲೂಷನ್ನಿನ ವಾಸನೆಗೆ ಸಾಲಿನ ಮೊದಲ ಮಕ್ಕಳು ಇನ್ನೂ ಜೋರಾಗಿ ಅತ್ತವು. ಆಮೀನಾ ಈಗ ಎಲ್ಲಿ ಹೋಗಿರಬಹುದೆಂದು ಶೇಖಮ್ಮ ಲೆಕ್ಕ ಹಾಕಿದಳು. ನಿಜ ಹೇಳಿದರೆ ಈ ಬಂಡಿ ಸಂಜೆಯವರೆಗೂ ಸರಿಯುವುದಿಲ್ಲ. ಅವಳು ಮುಖ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಸರ್ಕಾರಿ ನೌಕರರ ದನಿ ತಂದುಕೊಂಡಳು.

"ಗೌಡ್ರ, ಹ್ಯಾಂಗೂ ತಿಳಕೊಂಡೀರಿ, ಹೇಳೇಬಿಡ್ತೀನಿ. ಈ ಡಬ್ಬ್ಯಾಗಿನ ಮದ್ದು ನೋವಿಂದು. ನೋವಿಲ್ಲದ್ದು ಸುರಪುರದಾಗ ಅದ, ಸಾಹೇಬ್ರ ಹಂತ್ಯಾಕ. ಹಬ್ಬದ ಮಂಟಪದಾಗ ಕುಂತಾರ. ಮೊದಲ ಬಂದ ಊರಿನವರಿಗೆ ಅದನ್ನಾ ಹಾಕ್ತಾರ. ಮತ್ತ ಮೈಲಿ ಹಾಕಿಸ್ಕೊಂಡ ಮಕ್ಕಳಿಗೆ ಬೆಲ್ಲ ಕೊಡ್ತಾರ."

ಅಳುತ್ತಿದ್ದ ಮಕ್ಕಳು ಬೆಲ್ಲವೆಂದ ಕೂಡಲೇ ಸುಮ್ಮನಾದವು.

"ಎಷ್ಟ ಬೆಲ್ಲ?" ಎಂದ ಗೌಡ.

"ಕೈತುಂಬ. ದೊಡ್ಡವರ ಕೈತುಂಬ."

ಆಮೇಲೆ ಏನಾಯಿತೆಂದು ಕೇಳಬಾರದು. ಬೆಣಚಿಹಾಳದ ಬಂಡಿಗಳೆಲ್ಲ ಹೂಡಿದವು. ಗೌಡ ಮುಂದಿನ ಬಂಡಿಯಲ್ಲಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾರುಕೋಲು ಹಿಡಿದ. ಬೆಲ್ಲದ ಸುದ್ದಿ ಹೊಲದ ಮೇಲೆ ಹಾದು ಕೆಂಚಹಾಳಕ್ಕೆ ಮುಟ್ಟಿತು. ಅಲ್ಲಿ ಯಾರಿಗೂ ಹುಟ್ಟಿರದ ಮಕ್ಕಳೆಲ್ಲ ಹಗೇವಿನಿಂದ, ಅಟ್ಟದಿಂದ, ಬಣವೆಯ ಹಿಂದಿನಿಂದ ಎದ್ದು ಬಂಡಿ ಹತ್ತಿದವು. ಮಲ್ಲಾಬಾಯಿಯ ಮನೆಯೊಂದರಿಂದಲೇ ಬಂಡಿ ತುಂಬುವಷ್ಟು ಆಡಿನ ಮರಿಗಳು ಹೊರಟವು.

ಶೇಖಮ್ಮ ಇದನ್ನು ನೋಡಲು ನಿಲ್ಲಲಿಲ್ಲ. ಬಂಡಿ ಸರಿದದ್ದೇ ತಡ, ಸೈಕಲ್ ಏರಿ ತುಳಿದಳು. ಸೊಲ್ಲಾಪುರದ ಭೋಂಗಾ ಬೆನ್ನಿಗೇ ಬಿದ್ದಂತೆ ತುಳಿದಳು. ಜಲ್ಲಿಯ ರಸ್ತೆ, ಕಪ್ಪು ಧೂಳು, ಎದುರು ಗಾಳಿ, ಒಂದನ್ನೂ ಲೆಕ್ಕಕ್ಕಿಡಲಿಲ್ಲ. ಅವಳು ಹೇಗೆ ತುಳಿಯುತ್ತಾಳೆಂಬುದನ್ನು ಪುಣೆಯವರು ನೋಡಿದ್ದರು, ಕೊಲ್ಹಾಪುರದವರು ನೋಡಿದ್ದರು. ಅವಳ ಸ್ವಂತ ಸೀಮೆಯಲ್ಲಿ ನೋಡಿದವರೆಂದರೆ ರಸ್ತೆಯ ಬದಿಗೆ ಮೇಯುತ್ತಿದ್ದ ನಾಲ್ಕು ಕುರಿ. ಬಾಯಲ್ಲಿ ಹುಲ್ಲಿಟ್ಟುಕೊಂಡು ಅವು ತಲೆಯೆತ್ತಿ ನೋಡಿದವು, ಮತ್ತೆ ಮೇಯತೊಡಗಿದವು.

ರಂಗಂಪೇಟೆಯ ಮೊದಲ ಮನೆಗಳ ಹತ್ತಿರ ಆಮೀನಾಳ ಬೆನ್ನು ಕಂಡಿತು. ಅವಳು ದಣಿದು ಎದ್ದೆದ್ದು ತುಳಿಯುತ್ತಿದ್ದಳು. ಸುರಪುರದ ಏರಿನಲ್ಲಿ ಶೇಖಮ್ಮ ಅವಳ ಸರಿಸಮಕ್ಕೆ ಬಂದಳು. ಇಬ್ಬರೂ ಸೀಟು ಬಿಟ್ಟು ಎದ್ದು ತುಳಿದರು. ಮಂಟಪದ ಮುಂದೆ ಕಟ್ಟಿದ ದಾರವನ್ನು ಶೇಖಮ್ಮನ ಮುಂದಿನ ಗಾಲಿ ಮೊದಲು ಹರಿಯಿತು. ಆಮೀನಾ ಅರ್ಧ ಸೈಕಲ್ಲಿನಷ್ಟು ಹಿಂದಿದ್ದಳು. ಗೆದ್ದಳು, ಅನುಮಾನವೇ ಇಲ್ಲ. ಮಂಟಪದಲ್ಲಿದ್ದವರೆಲ್ಲ ಕಣ್ಣಾರೆ ಕಂಡರು.

ಶೇಖಮ್ಮ ಸೈಕಲ್ಲಿಗೆ ಒರಗಿ ನಿಂತು ಏದುಸಿರು ಬಿಡುತ್ತಲೇ ನಕ್ಕಳು. ಅವಳಿಗಾಗ ಬೆಂಗಳೂರು ಸುರಪುರದ ಮುಂದಿನ ಹಳ್ಳಿಯಲ್ಲೇ ಇದ್ದಂತೆ ಕಂಡಿತು. ಗುಂಪಿನಲ್ಲಿ ಅವ್ವ ಭೀಮವ್ವ ಇದ್ದಳು. ಮಗಳು ಗೆದ್ದದ್ದನ್ನು ನೋಡಿ ಅವಳು ಪಕ್ಕದವಳಿಗೆ, "ಗೆದ್ದಳಂತ. ಇನ್ನೊಂದ ಕಪ್ಪ ಬರ್ತದ, ಮನ್ಯಾಗ ಇಡಾಕ ಜಾಗಿಲ್ಲ" ಎಂದಳು.

ಸಮಿತಿಯವರ ಭಾಷಣಗಳೆಲ್ಲ ಮುಗಿದು, ಹೊತ್ತೇರಿದ ಮೇಲೆ ಮೈಸೂರು ಸಾಹೇಬರು ಹಾರ ಹಿಡಿದು ಮುಂದೆ ಬಂದರು. ಅವರು ಒಳ್ಳೆಯವರು, ಈ ಸೀಮೆಯ ಮಾತು ಮಾತ್ರ ಅರ್ಧ ತಿಳಿಯುತ್ತಿರಲಿಲ್ಲ, ತಿಳಿಯದ ಅರ್ಧಕ್ಕೆ ನಗುತ್ತಿದ್ದರು. ಅವರು ಹಾರವನ್ನು ಇನ್ನೇನು ಹಾಕಬೇಕು, ಆಗ ಏರಿನ ಕೆಳಗೆ ಧೂಳೆದ್ದಿತು. ಗೊರಸಿನ ಸದ್ದು, ಗೆಜ್ಜೆಯ ಸದ್ದು, ಮಕ್ಕಳ ಕೂಗು ಒಟ್ಟಿಗೇ ಬಂದವು. ಹಣಮಂತ್ರಾಯ ಗೌಡನ ಬಂಡಿ ಎಲ್ಲಕ್ಕಿಂತ ಮುಂದಿತ್ತು. ಅದರ ಬೆನ್ನಿಗೆ ಕೆಂಚಹಾಳದ ಬಂಡಿಗಳು ಹಿಂದಾಗಬಾರದೆಂಬ ಹಟದಲ್ಲಿ ಓಡಿಬಂದವು. ಮಂಟಪದ ಮುಂದಿನ ಬಯಲು ಮಕ್ಕಳಿಂದ ತುಂಬಿತು. ಎಲ್ಲರ ಅಂಗಿಯ ತೋಳೂ ಮಡಿಚಿತ್ತು.

ಸಾಹೇಬರು ಇಷ್ಟೊಂದು ಪ್ರೇಕ್ಷಕರನ್ನು ಕಂಡು ಹಿಗ್ಗಿದರು. ಗೌಡನೂ ಪಂದ್ಯ ನೋಡುತ್ತ ಬಂದವನೆಂದು ತಿಳಿದು, "ಏನ್ ಗೌಡ್ರೆ, ಎಷ್ಟು ಮೈಲಿ ಆಯ್ತು?" ಎಂದು ಕೇಳಿದರು.

"ಇನ್ನೂ ಒಂದೂ ಆಗಿಲ್ರಿ ಸಾಹೇಬ್ರ. ಮೊದಲ ನಾವು ಬಂದೀವಿ. ನೋವಿಲ್ಲದ್ದು ತಗೀರಿ" ಎಂದ ಗೌಡ, ಮೊಮ್ಮಗನ ತೋಳನ್ನು ಮುಂದೆ ಹಿಡಿದು.

ಸಾಹೇಬರು ನಕ್ಕರು. ಗೌಡ ನಗಲಿಲ್ಲ. ಸಾಹೇಬರು ಭಗವಂತರಾಯನ ಕಡೆ ತಿರುಗಿ ಇದೇನೆಂದು ಕೇಳಿದರು.

ಭಗವಂತರಾಯನಿಗೆ ಮೈಲಿಯ ಎರಡು ಅರ್ಥಗಳೂ ಒಮ್ಮೆಲೇ ನೆನಪಾದವು. ತಾನು ಡಂಗುರ ಸಾರಿಸಿದ್ದು ಹೊರಬಿದ್ದರೆ ಕಾರ್ಯದರ್ಶಿಯ ಪಟ್ಟಿ ಅಂಗಿಯ ಮೇಲೆ ಉಳಿಯುವುದಿಲ್ಲ. ಆದರೆ ಅರ್ಜಿ ಬರೆದು ಬದುಕಿದವನಿಗೆ ಸುಳ್ಳನ್ನು ಸವಿಯಾಗಿ ಹೇಳುವುದು ಯಾವ ಭಾಷೆಯಲ್ಲಾದರೂ ಬರುತ್ತದೆ. ಅವನು ಕೈಮುಗಿದು ನಿಂತ.

"ಸ್ವಾಮಿ, ಇದು ಸಮಿತಿಯ ಯೋಜನೆ. ಈ ಹಳ್ಳಿಗಳವರು ಸಿಡುಬಿನ ಮದ್ದೆಂದರೆ ಓಡಿಹೋಗುತ್ತಾರೆ. ಅದಕ್ಕೇ ಸೈಕಲ್ಲಿನ ಮೇಲೆ ಈ ತಾಯಿಯನ್ನು ಕಳಿಸಿ ಜನರನ್ನು ಒಲಿಸಿ ಕರೆತಂದೆವು."

ಸಾಹೇಬರ ಕಣ್ಣು ಅರಳಿತು. ಈ ಭಾಗದಲ್ಲಿ ಯಾಕೆ ಒಂದು ಮಗುವಿಗೂ ಮದ್ದು ಹಾಕಿಸಿಲ್ಲವೆಂದು ಮೇಲಿನವರು ಅವರನ್ನು ದಿನವೂ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ದವಾಖಾನೆಯಲ್ಲಿ ಮದ್ದು ಬಿದ್ದಿತ್ತು, ತೋಳುಗಳಿರಲಿಲ್ಲ. ಈಗ ಎರಡು ಊರಿನ ತೋಳುಗಳು ತಾವಾಗಿಯೇ ಬಂಡಿ ಹತ್ತಿ ಬಂದು ನಿಂತಿದ್ದವು. ಅವರು ಶೇಖಮ್ಮನಿಗೆ ಕೈಯೆತ್ತಿ ನಮಸ್ಕಾರ ಮಾಡಿದರು.

"ಇದೆಲ್ಲ ನೀವೇ ಮಾಡಿದ್ದಾ ಅಮ್ಮ?"

ಶೇಖಮ್ಮ ಬಾಯಿ ತೆರೆದಳು. ನಾನು ಸುಳ್ಳು ಹೇಳಿದೆ ಎನ್ನಬೇಕೆಂದಿದ್ದಳು. ಗೌಡನ ಕೈಯಲ್ಲಿ ಬಾರುಕೋಲಿತ್ತು. ಎಲ್ಲ ಬಂಡಿಯವರ ಕೈಯಲ್ಲೂ ಇತ್ತು. ಮಕ್ಕಳು ಬೆಲ್ಲವೆಲ್ಲಿ ಎಂದು ಅವಳ ಮುಖವನ್ನೇ ನೋಡುತ್ತಿದ್ದವು. ಅವಳು ಹೌದೆಂದು ತಲೆಯಾಡಿಸಿದಳು.

"ಇಂಥವರು ನಮ್ಮ ಇಲಾಖೆಯಲ್ಲಿ ಇರ್ಬೇಕು" ಎಂದು ಸಾಹೇಬರು ಮಂಟಪದ ಕಡೆ ತಿರುಗಿ ಗಟ್ಟಿಯಾಗಿ ಸಾರಿದರು. "ಇವರನ್ನ ಈಗಲೇ ಸಿಡುಬಿನ ಮದ್ದು ಹಾಕೋ ಕೆಲಸಕ್ಕೆ ನೇಮಿಸಿದೀನಿ. ಇವತ್ತು ಬೆಳಗ್ಗೆಯಿಂದಲೇ ನೇಮಕ. ಈ ಮಕ್ಕಳೆಲ್ಲ ಇಲಾಖೆಯ ಲೆಕ್ಕಕ್ಕೆ ಬರ್ಬೇಕಲ್ಲ."

ಚಪ್ಪಾಳೆ ಬಿತ್ತು. ಆ ದಿನ ಬಿದ್ದ ಮೊದಲ ಚಪ್ಪಾಳೆ ಅದೇ. ಸಮಿತಿಯ ಉಪ್ಪಿಟ್ಟು, ಬುಂದೆ ಎಲ್ಲವನ್ನೂ ಮಕ್ಕಳಿಗೆ ಹಂಚಲು ಸಾಹೇಬರು ಹೇಳಿದರು. ಭೀಮವ್ವ ಗುಂಪನ್ನು ಸೀಳಿಕೊಂಡು ಬಂದು ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ನೌಕರಿ ಆತಲ್ಲ ನನ್ನ ಮಗಳ. ಇನ್ನ ಯಾರರ ಕೇಳಿದ್ರ ತಲಿ ಎತ್ತಿ ಹೇಳ್ತೀನಿ."

"ಬೆಂಗಳೂರಿನ ರೇಸು?" ಎಂದಳು ಶೇಖಮ್ಮ. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಭಗವಂತರಾಯನಿಗೆ ಮಾತ್ರ ಕೇಳಿಸಿತು. "ಸ್ವಾಮಿ, ಸರ್ಕಾರಿ ನೌಕರರು ಬಹುಮಾನದ ಪಂದ್ಯದಲ್ಲಿ ಭಾಗವಹಿಸುವಂತಿಲ್ಲ. ನಿಯಮ. ಬೆಂಗಳೂರಿಗೆ ಆಮೀನಾ ಬೇಗಂ ಹೋಗಬೇಕಾಗುತ್ತದೆ" ಎಂದ.

ಆಮೀನಾಗೆ ಇದು ಸರಿ ಕಾಣಲಿಲ್ಲ. "ಅದು ಹ್ಯಾಂಗ್ರಿ? ಗೆದ್ದಾಕಿ ಅಕ್ಕ. ನಾ ಹಿಂದಿದ್ದೆ, ಎಲ್ಲಾರೂ ನೋಡ್ಯಾರ" ಎಂದಳು.

ಸಾಹೇಬರು ಅವಳ ತಲೆ ಸವರಿದರು. "ಅವರು ಪಂದ್ಯದಲ್ಲಿ ಇರ್ಲೇ ಇಲ್ವಲ್ಲಮ್ಮ. ಬೆಳಗ್ಗೆಯಿಂದ ಡ್ಯೂಟಿಯಲ್ಲಿದ್ರು. ಪಂದ್ಯದಲ್ಲಿದ್ದವಳು ನೀನೊಬ್ಬಳೇ."

ಹಾರ ಆಮೀನಾಳ ಕೊರಳಿಗೆ ಬಿತ್ತು. ಶೇಖಮ್ಮ, ನನಗೆ ನೌಕರಿ ಬೇಡ ಎಂದಳು. ಬೇಡವೆನ್ನುವುದಕ್ಕೂ ಒಂದು ಕ್ರಮವಿದೆ, ಅರ್ಜಿ ಕೊಡಬೇಕು, ಅದು ಮೇಲಕ್ಕೆ ಹೋಗಿ ಕೆಳಕ್ಕೆ ಬರಬೇಕು, ಅಷ್ಟರಲ್ಲಿ ಬೆಂಗಳೂರಿನ ಪಂದ್ಯ ಮುಗಿದಿರುತ್ತದೆ ಎಂದು ಭಗವಂತರಾಯ ಶುದ್ಧ ಕನ್ನಡದಲ್ಲಿ ವಿವರಿಸಿದ. ಅರ್ಜಿ ಬೇಕಾದರೆ ತಾನೇ ಬರೆದುಕೊಡುವುದಾಗಿಯೂ ಹೇಳಿದ.

ಶೇಖಮ್ಮ ಬಯಲಿನ ಕಡೆ ತಿರುಗಿದಳು. ಮಕ್ಕಳು ಬುಂದೆ ತಿನ್ನುತ್ತಿದ್ದವು, ದವಾಖಾನೆಯಿಂದ ಮದ್ದು ತರಲು ಯಾರೋ ಓಡಿದ್ದರು. ಊರೂರು ತಿರುಗುವ ಕೆಲಸ, ದಿನವೂ ರಸ್ತೆ, ಏರು ಇಳಿವು. ಪಂದ್ಯವಿಲ್ಲದಿದ್ದರೂ ಕಾಲಿಗೆ ಕೆಲಸವಿರುತ್ತದೆ, ಒಂದಲ್ಲ ಒಂದು ದಿನ ಬಿಡಿಸಿಕೊಂಡು ಹೋಗಬಹುದು. ಇಷ್ಟಾದರೂ ಉಳಿಯಿತಲ್ಲ ಎಂದುಕೊಂಡು ಅವಳು ಸೈಕಲ್ಲಿನ ಹ್ಯಾಂಡಲ್ ಹಿಡಿದಳು.

"ಸಾಹೇಬ್ರ, ಮದ್ದಿನ ಪೆಟ್ಟಿಗಿ ಸೈಕಲ್ಲಿನ ಹಿಂದ ಕಟ್ಟಾಕ ಒಂದ ಕ್ಯಾರಿಯರ್ ಹಾಕಿಸಿ ಕೊಡ್ರಿ" ಎಂದಳು.

"ಸೈಕಲ್ ಯಾಕಮ್ಮ? ಹೆಣ್ಣುಮಕ್ಕಳಿಗೆ ಸೈಕಲ್ ಮಂಜೂರಿಲ್ಲ" ಎಂದರು ಸಾಹೇಬರು ಮಮತೆಯಿಂದ. "ನೀವು ಬಿಸಿಲಲ್ಲಿ ತುಳಿಯೋದೇನೂ ಬೇಡ. ಎತ್ತಿನ ಗಾಡಿ ಮಂಜೂರಿದೆ."

ಗಾಡಿಗಾಗಿ ಹುಡುಕುವ ಕೆಲಸವೇ ಬೀಳಲಿಲ್ಲ. ಹಣಮಂತ್ರಾಯ ಗೌಡ ತನ್ನ ಬಂಡಿಯನ್ನೇ ತಿರುಗಿಸಿ ತಂದು ನಿಲ್ಲಿಸಿದ್ದ. ಭೀಮವ್ವ ಮಗಳನ್ನು ಹತ್ತಿಸಿದಳು. ಯಾರೋ ಮದ್ದಿನ ಪೆಟ್ಟಿಗೆಯನ್ನು ಅವಳ ತೊಡೆಯ ಮೇಲಿಟ್ಟರು. ಗೌಡ ಎತ್ತುಗಳ ಬಾಲ ಮುಟ್ಟಿ ಹಿಂದೆ ತಿರುಗಿದ.

"ಜ್ವಾಕಿ, ಗಟ್ಟಿ ಹಿಡ್ಕೊಂಡ ಕುಂದರ್ರಿ ಬಾಯೋರ" ಎಂದ. "ನನ್ನ ಎತ್ತು ಭಾಳ ಜೋರ ಓಡ್ತಾವ."